ಹುಡುಗಿ ಮನೆಯವರಿಗೆ ಹೇಳಿ

ಅಪ್ಪ, ಅಮ್ಮನಿಗೆ ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ. ಕಾಗದ ತಲುಪಿತು.

"ಹಸು ಕಡಿಯೋ ಕಡೆ ಡಾಕ್ಟರಂತೆ, ಮಾಂಸದಲ್ಲಿ ಔಷಧಿ ಸಿಕ್ಕರೆ ಜೈಲಂತೆ" ಅಂದರಂತಲ್ಲ ಅವರು? ಇದು ಮಾವನ ಬಾಯಿಂದಲೇ ಹೋಗಿರೋದು. ನಾನು ಪಶುವೈದ್ಯ, ನನ್ನ ಕೆಲಸ ಡೈರಿಗಳಲ್ಲಿ. ಆದರೆ ಅಮೆರಿಕದಲ್ಲಿ ಹಾಲು ಬತ್ತಿದ ಹಸು ಕೊನೆಗೆ ಬೀಫಿಗೇ ಹೋಗೋದು, ಅದನ್ನು ಮುಚ್ಚಿಡಬೇಡಿ.

ಕೆಚ್ಚಲು ಬಾವು, ಗರ್ಭಕೋಶದ ಸೋಂಕು, ಕುಂಟು ಅಂತ ಮದ್ದು ಮಾಡಿಯೂ ಗುಣವಾಗದ ಹಸುಗಳನ್ನೂ ಮಾರುತ್ತಾರೆ. ಕೆಲವೊಮ್ಮೆ ಸೂಜಿ ಹಾಕಿ ವಾರವಾಗಿರುವುದಿಲ್ಲ, ಲಾರಿ ಹತ್ತಿಸಿಬಿಡುತ್ತಾರೆ. ಬಳಲಿದ ಹಸುವಿನ ಮೈಯಿಂದ ಔಷಧಿ ಇಳಿಯೋದೂ ನಿಧಾನ.

ತಪ್ಪಾಗೋದು ಸಣ್ಣದರಲ್ಲಿ. ಫ್ಲುನಿಕ್ಸಿನ್ ಅಂತ ಜ್ವರ, ಬಾವಿನ ಮದ್ದು, ಅದರ ಸೂಜಿ ರಕ್ತನಾಳಕ್ಕೇ ಕೊಡಬೇಕು. ಹಾಗೆ ಕೊಟ್ಟರೆ ಔಷಧಿ ಇಳಿಯಲು ಹಾಲಿಗೆ 36 ಗಂಟೆ, ಮಾಂಸಕ್ಕೆ 4 ದಿನ ಕಾದರೆ ಸಾಕು. ಆಳು ಅವಸರಕ್ಕೆ ಕತ್ತಿನ ಮಾಂಸಕ್ಕೆ ಚುಚ್ಚಿದನೋ, ಆ ಲೆಕ್ಕ ಕೆಟ್ಟಿತು. ಪ್ರೊಕೇನ್ ಪೆನಿಸಿಲಿನ್ 1,400 ಪೌಂಡಿನ ಹಸುವಿಗೆ ಲೇಬಲ್ ಪ್ರಕಾರ 14 ಎಂಎಲ್, ಒಂದು ಜಾಗಕ್ಕೆ 10 ದಾಟಬಾರದು. ಕೆಲವು ಡೈರಿಯವರು 30 ಎಂಎಲ್ ಒಂದೇ ಕಡೆ ತುಂಬುತ್ತಾರೆ! ಲೇಬಲ್ ಮೀರಿ ಕೊಡಬೇಕಾದರೆ 1994ರ ಕಾನೂನಿನ ಪ್ರಕಾರ ಪಶುವೈದ್ಯರೇ ಹೇಳಬೇಕು, ಕಾಯುವ ದಿನವನ್ನೂ ಅವರೇ ಹೆಚ್ಚಿಸಿ ಬರೆದುಕೊಡಬೇಕು. ಎಷ್ಟು ದಿನ ಅಂತ ಗೊತ್ತಾಗದಿದ್ದರೆ ವಿಶ್ವವಿದ್ಯಾಲಯಗಳು ನಡೆಸುವ ಫರಾಡ್ ಅನ್ನೋ ಮಾಹಿತಿ ಕೇಂದ್ರಕ್ಕೆ ಕೇಳುತ್ತೇವೆ. ಹಾಲುಕೊಡುವ ಹಸುವಿಗೆ ಸಲ್ಫಾ ಅನ್ನೋ ಸೋಂಕಿನ ಮದ್ದನ್ನಂತೂ ಲೇಬಲ್ ಮೀರಿ ಕೊಡುವ ಹಾಗೇ ಇಲ್ಲ.

ಇನ್ನೊಂದು ಮೋಸ: ಕಿವಿ ಬುಡಕ್ಕೆ ಹಾಕುವ ಸೆಫ್ಟಿಯೋಫರ್ ಅನ್ನೋ ಆ್ಯಂಟಿಬಯಾಟಿಕ್. ಹಾಲು ಒಂದು ಹೊತ್ತೂ ಚೆಲ್ಲಬೇಕಿಲ್ಲ, ಮಾಂಸಕ್ಕೆ ಮಾತ್ರ 13 ದಿನ. ಹಾಲು ಟ್ಯಾಂಕಿಗೆ ಹೋಗುತ್ತಿದೆಯಲ್ಲ ಅಂತ ಹಸುವನ್ನೂ ಮಾರಿಬಿಡುತ್ತಾರೆ.

ಅದಕ್ಕೇ ಮದ್ದು ಬಿದ್ದ ಹಸುವಿಗೆ ಕಾಲಿಗೆ ಕೆಂಪು ಪಟ್ಟಿ, ಅಮ್ಮ ನೋಡಿದ್ದರೆ ಗೆಜ್ಜೆ ಅನ್ನುತ್ತಿದ್ದರು. ಪುಸ್ತಕದಲ್ಲಿ ಹಸುವಿನ ನಂಬರು, ಔಷಧಿ, ಎಷ್ಟು, ಎಲ್ಲಿ ಚುಚ್ಚಿದ್ದು, ಯಾರು, ಯಾವ ದಿನದ ನಂತರ ಮಾರಬಹುದು, ಎಲ್ಲ ಇರಬೇಕು. ಲಾರಿಗೆ ಫೋನ್ ಮಾಡುವವನು ಆ ಪುಸ್ತಕ ನೋಡದಿದ್ದರೆ ಬರೆದದ್ದೆಲ್ಲ ವ್ಯರ್ಥ. ಕಸಾಯಿಖಾನೆಯಲ್ಲಿ ಸರ್ಕಾರಿ ಇನ್‌ಸ್ಪೆಕ್ಟರ್ ಅನುಮಾನ ಬಂದ ಹಸುವನ್ನು ಕಡಿದ ಮೇಲೆ ಅದರ ಮೂತ್ರಪಿಂಡಕ್ಕೆ ಹತ್ತಿಕಡ್ಡಿ ಚುಚ್ಚಿ ಪರೀಕ್ಷಿಸುತ್ತಾರೆ. ಅದರಲ್ಲಿ ಔಷಧಿಯ ಸುಳಿವು ಕಂಡರೆ ಪ್ರಯೋಗಾಲಯಕ್ಕೆ. ಹನ್ನೆರಡು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಸಿಕ್ಕಿಬಿದ್ದ ಡೈರಿಯ ಹೆಸರು ಸರ್ಕಾರದ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ.

ಹಸುವನ್ನೇ ನೋಡದೆ ಚೀಟಿ ಬರೆದ ಡಾಕ್ಟರಿಗೆ ಭಯ. ಹಾಗೆ ಮಾಡದ ನನಗೇನೂ ಆಗಲ್ಲ, ಖಂಡಿತ ಆಗಲ್ಲ, ಲೈಸೆನ್ಸಿಗೂ ಆಗಲ್ಲ. ಅವರಿಗೆ ಇಷ್ಟನ್ನೇ ಹೇಳಿ, ಮಾವನ ಕೈಲಿ ಹೇಳಿಸಬೇಡಿ. ಜಾತಕದ ಮಾತು ಮುಂದಿನ ಕಾಗದದಲ್ಲಿ. ಬಿಪಿ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗ