ಮಾರುವ ಮನೆಯ ಕುರಿತು ಮಗಳಿಗೊಂದು ಪತ್ರ

ಕಲಬುರಗಿ

ಚಿ. ಸೌ. ಮಗಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಮನೆಯನ್ನು ಮಾರಾಟಕ್ಕೆ ಇಡುವ ಮೊದಲು ಏನೇನು ಮಾಡಿಸಬೇಕೆಂದು ನೀನು ಬೆಂಗಳೂರಿನಿಂದ ಕಳಿಸಿದ ಪಟ್ಟಿಯನ್ನು ನಿಧಾನವಾಗಿ ಓದಿದೆ. ಪಡಸಾಲೆಗೆ ಫಾಲ್ಸ್ ಸೀಲಿಂಗ್, ಬಾಡಿಗೆಯ ಸೋಫಾ, ಫರಸಿಯ ಮೇಲೆ ಹೊಳೆಯುವ ಟೈಲ್ಸ್, ಈ ಮೂರನ್ನೂ ಕೈಬಿಟ್ಟಿದ್ದೇನೆ. ಖರ್ಚಿಗೆ ಅಂಜಿ ಅಲ್ಲ. ಇಲ್ಲಿ ಮನೆ ನೋಡಲು ಬರುವವರಲ್ಲಿ ಹೆಚ್ಚಿನವರು ಜೇವರ್ಗಿ, ಸೇಡಂ, ಚಿಂಚೋಳಿ ಕಡೆಯ ಒಕ್ಕಲುತನದ ಮನೆತನದವರು. ಮಕ್ಕಳ ಓದಿಗಾಗಿ ಶಹರದಲ್ಲೊಂದು ಮನೆ ಇರಲೆಂದು, ತೊಗರಿ ಮಾರಿದ ಮೇಲೆ ಹಣ ಹೊಂದಿಸಿಕೊಂಡು, ಹಿರಿಯರನ್ನು ಮುಂದಿಟ್ಟುಕೊಂಡು ಬರುತ್ತಾರೆ. ಆ ಹಿರಿಯರು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ, ಬಚ್ಚಲ ನೀರು ಎತ್ತ ಹರಿಯುತ್ತದೆಂದು ಕೇಳುತ್ತಾರೆ, ಮಾಳಿಗೆ ಹತ್ತದೆ ಹಿಂದಿರುಗುವುದಿಲ್ಲ. ಅವರು ಬಡಿದು ನೋಡುವ ಜಾಗಗಳನ್ನು ಗಟ್ಟಿಮಾಡಿಸಿದರೆ ಅಲಂಕಾರದ ಅಗತ್ಯ ಬೀಳುವುದಿಲ್ಲವೆಂಬುದು ನನ್ನ ಅಭಿಪ್ರಾಯ.

ಅಡುಗೆಮನೆಯ ಮೂಲೆಯ ಬಿರುಕಿನಿಂದಲೇ ಕೆಲಸ ಶುರುಮಾಡಿಸಿದೆ. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇ ತಿಂಗಳಲ್ಲಿ ಅಗಲವಾಗುವ ಆ ಬಿರುಕು ಶ್ರಾವಣದ ಹೊತ್ತಿಗೆ ಕೂದಲೆಳೆಯಷ್ಟಾಗುವುದು ಇದರಿಂದಲೇ. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಅದು ಒಂದು ಬೇಸಿಗೆಯನ್ನೂ ತಾಳುವುದಿಲ್ಲ, ಮೇಲಾಗಿ ಎರೆ ಹೊಲದಲ್ಲೇ ಬೆಳೆದವರ ಕಣ್ಣಿಗೆ ಮಣ್ಣೆರಚಲು ಸಾಧ್ಯವೂ ಇಲ್ಲ. ಗೌಂಡಿ ಬಿರುಕಿನುದ್ದಕ್ಕೂ ಹಳೆಯ ಗಿಲಾವು ಕೆತ್ತಿ, ಸಂದಿನಲ್ಲಿ ಸಿಮೆಂಟು ತುಂಬಿ, ಮೇಲೆ ತಂತಿ ಜಾಲರಿ ಬಡಿದು ಹೊಸ ಗಿಲಾವು ಮಾಡಿದ್ದಾನೆ. ಅದಕ್ಕಿಂತ ಮುಖ್ಯವಾದ ಕೆಲಸ ಹೊರಗಡೆ ನಡೆದಿದೆ. ಮಾಳಿಗೆಯಿಂದ ಇಳಿಯುವ ಮಳೆನೀರಿನ ಪೈಪು ಸೀದಾ ಬುನಾದಿಯ ಪಕ್ಕದಲ್ಲಿ ಸುರಿಯುತ್ತಿತ್ತು. ಅದನ್ನು ಚರಂಡಿಯವರೆಗೆ ಒಯ್ದು, ನೀರು ಗೋಡೆಯಿಂದ ದೂರ ಸರಿಯುವಂತೆ ಸುತ್ತಲೂ ಹೊರಗಿಳಿಜಾರಾಗಿ ಫರಸಿ ಹಾಸಿಸಿದ್ದೇನೆ. ಬಂದವರು ಕೇಳಲಿ ಬಿಡಲಿ, ಬಿರುಕಿದ್ದ ಜಾಗವನ್ನೂ ಈ ಪೈಪನ್ನೂ ಒಟ್ಟಿಗೇ ತೋರಿಸುತ್ತಿದ್ದೇನೆ. ದಲ್ಲಾಳಿಗೆ ಇದು ಹಿಡಿಸಿಲ್ಲ.

ಇನ್ನು ನೆಲದ ಮಾತು. ಆಸಿಡ್ ಹಾಕಿ ತಿಕ್ಕಿದರೆ ಫರಸಿ ಹೊಸದಾಗುತ್ತದೆಂದು ಹೇಳುವವರಿಗೆ ಕೊರತೆಯಿಲ್ಲ. ನಮ್ಮ ಫರಸಿಯ ಶಹಾಬಾದಿ ಕಲ್ಲು ಸುಣ್ಣದ ಕಲ್ಲಿನ ಜಾತಿಯದು; ಆಸಿಡ್ ಬಿದ್ದಲ್ಲಿ ನೊರೆಯೆದ್ದು ಮೈ ಸವೆದು, ಮಂಕಾದ ಕಲೆ ಶಾಶ್ವತವಾಗಿ ಉಳಿಯುತ್ತದೆ. ಆದ್ದರಿಂದ ಸಾಬೂನಿನ ನೀರಿನಿಂದಲೇ ತಿಕ್ಕಿಸಿ, ಸಂದುಗಳಲ್ಲಿ ಉದುರುತ್ತಿದ್ದ ಹಳೆಯ ಸಿಮೆಂಟನ್ನು ಕೆರೆಸಿ ಹೊಸದಾಗಿ ತುಂಬಿಸಿ, ಆಮೇಲೆ ಮಷೀನಿನಿಂದ ಪಾಲಿಶ್ ಮಾಡಿಸಿದೆ. ಈಗ ಅದರ ಬೂದು ನೀಲಿ ಬಣ್ಣ ಚೆನ್ನಾಗಿ ಎದ್ದು ಕಾಣುತ್ತಿದೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುವ ಜನರಿಗೆ ಈ ನೆಲದ ತಂಪನ್ನು ಬಾಯಿಬಿಟ್ಟು ವರ್ಣಿಸಬೇಕಾಗಿಲ್ಲ.

ಮನೆಯನ್ನು ಬೆಳಗಿನ ತಂಪು ಹೊತ್ತಿನಲ್ಲಿ ತೋರಿಸಬೇಕೆಂದು ನೀನೂ ಹೇಳಿದ್ದೀ, ದಲ್ಲಾಳಿಯೂ ಹೇಳುತ್ತಾನೆ. ನಾನು ಮಧ್ಯಾಹ್ನ ಮೂರು ಗಂಟೆಗೆ ಬರಹೇಳುತ್ತಿದ್ದೇನೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಮನೆ ಕೊಳ್ಳುವವರಿಗೆ ತಿಳಿಯಬೇಕಾದದ್ದು ಆ ಹೊತ್ತಿನ ಮನೆಯೇ ಹೊರತು ಬೆಳಗಿನದಲ್ಲ. ಮಾಳಿಗೆಗೆ ಬಿಳಿ ಸುಣ್ಣ ದಪ್ಪಗೆ ಹೊಡೆಸಿದ ಮೇಲೆ ಮೇಲಿನ ಕೋಣೆಯ ಧಗೆ ಕಡಿಮೆಯಾಗಿದೆ. ಕೂಲರ್ ಹಚ್ಚದೆಯೇ ಅವರನ್ನು ಅಲ್ಲಿ ಕೂರಿಸಿ ಚಹಾ ಕೊಡುತ್ತೇನೆ.

ನಳದ ನೀರು ದಿನವೂ ಬಾರದ ಊರಾದ್ದರಿಂದ ಸಂಪ್ ತೊಳೆಸಿಟ್ಟಿದ್ದೇನೆ, ಬೋರಿನ ಮೋಟಾರು ಹಚ್ಚಿ ತೋರಿಸುತ್ತೇನೆ. ತಿಳಿಬಣ್ಣ ಬಳಿಸಬೇಕು, ಸಾಮಾನು ಕಡಿಮೆಮಾಡಬೇಕು ಎಂಬ ನಿನ್ನ ಎರಡು ಮಾತುಗಳು ನಿಜವಾಗಿಯೂ ಸರಿಯಾಗಿದ್ದವು. ಟ್ರಂಕು, ಹಂಡೆ, ನಿನ್ನ ಕಾಲೇಜಿನ ಪುಸ್ತಕಗಳ ಗಂಟು ಎಲ್ಲವೂ ನಿನ್ನ ಕಾಕಾನ ಮನೆಗೆ ಹೋದ ಮೇಲೆ ಪಡಸಾಲೆ ಇಷ್ಟು ದೊಡ್ಡದಿತ್ತೇ ಎನಿಸಿತು. ದೇವರ ಜಗುಲಿಯನ್ನು ಮಾತ್ರ ಕದಲಿಸಿಲ್ಲ. ಹಿರಿಯರು ಒಳಗೆ ಬಂದೊಡನೆ ಅದು ಯಾವ ದಿಕ್ಕಿಗಿದೆ ಎಂದೇ ನೋಡುತ್ತಾರೆ.

ಕಾಗದಪತ್ರಗಳ ಕಡತವನ್ನೂ ಟೇಬಲ್ಲಿನ ಮೇಲೆಯೇ ಇಡುತ್ತೇನೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಋಣಭಾರ ಪತ್ರ ತೆಗೆಸಿದ್ದಾಗಿದೆ, ತೆರಿಗೆ ರಸೀದಿಗಳಿವೆ, ಇ-ಖಾತೆಯಲ್ಲಿ ವಾರಸುದಾರರ ಹೆಸರು ಸೇರಿವೆ. ನಿನ್ನ ಅಪ್ಪ ಮೃತ್ಯುಪತ್ರ ಬರೆದಿಟ್ಟಿರಲಿಲ್ಲವಾದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನನಗೂ ನಿನಗೂ ನಿನ್ನ ತಮ್ಮನಿಗೂ ಸಮ ಪಾಲಿದೆ; ಮೂವರ ಸಹಿಯೂ ಬೇಕು. ಮಗಳು ಸಹಿ ಹಾಕುತ್ತಾಳೆಯೇ ಎಂದು ಬಂದವರೆಲ್ಲ ಕೇಳುತ್ತಿದ್ದಾರೆ. ವಾರಸುದಾರರ ತಕರಾರಿಗೆ ಸಿಕ್ಕಿದ ಮನೆಯನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ.

ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆಗೆ ಹಳ್ಳಿಗಳಿಂದ ಜನ ಬರುತ್ತಾರೆ. ಆ ದಿನಗಳಲ್ಲೇ ಇಬ್ಬರು ಮತ್ತೊಮ್ಮೆ ನೋಡಲು ಬರುವುದಾಗಿ ಹೇಳಿದ್ದಾರೆ. ನೀನೂ ಜಾತ್ರೆಗೆ ಬಾ, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಮೂಲಪ್ರತಿಗಳನ್ನು ಮರೆಯದೆ ತಾ. ಬೆಲೆಯ ಮಾತನ್ನು ನಿನ್ನ ಎದುರಿಗೇ ಆಡೋಣ.

ಇಂತಿ ನಿನ್ನ
ಅವ್ವ