ಕಲ್ಲು ಬಲ್ಲವರ ಜೊತೆ ಪ್ರವಾಸ

ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಯ ಪ್ರವಾಸ ಪುಟ ಯುರೋಪಿನ ಜಾಹೀರಾತುಗಳಿಂದ ತುಂಬುತ್ತದೆ. ಹತ್ತು ದಿನ, ಏಳು ದೇಶ, ಜೊತೆಗೆ ನಮ್ಮದೇ ಅಡುಗೆಯವರು. ಅಂಥದ್ದೊಂದು ಪ್ರವಾಸದಲ್ಲಿ ಬಸ್ಸು ಆಲ್ಪ್ಸ್ ಪರ್ವತಗಳ ನಡುವೆ ಅರ್ಧ ದಿನ ಓಡಿತು. ಈ ಬೆಟ್ಟಗಳು ಹೇಗೆ ಎದ್ದವು ಎಂದು ಕೇಳಿದ್ದಕ್ಕೆ, ಮುಂದಿನ ನಿಲ್ದಾಣದಲ್ಲಿ ಚಾಕೊಲೇಟ್ ಅಗ್ಗ ಎಂಬ ಉತ್ತರ ಬಂತು. ಇನ್ನೊಂದು ಬಗೆಯ ಪ್ರವಾಸವೂ ಇದೆ ಎಂದು ಓದುಗರಿಗೆ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮಗಳು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದಾಳೆ. ಕಳೆದ ಜೂನ್‌ನಲ್ಲಿ ಅವಳು ನನ್ನನ್ನು ಶೆಟ್ಲೆಂಡ್ ದ್ವೀಪಗಳಿಗೆ ಹೊರಟಿದ್ದ ಎಂಟು ಮಂದಿಯ ಗುಂಪಿಗೆ ಸೇರಿಸಿದಳು. ಸಂಜೆ ಹಡಗು ಹತ್ತಿದರೆ ಬೆಳಿಗ್ಗೆ ಲರ್ವಿಕ್ ಬಂದರು. ಬ್ರಿಟನ್ನಿನ ಉತ್ತರದ ತುತ್ತತುದಿಯಲ್ಲಿ ಸುಮಾರು ನೂರು ದ್ವೀಪಗಳು, ಜನ ಇರುವುದು ಹದಿನಾರರಷ್ಟರಲ್ಲಿ ಮಾತ್ರ. ಮರಗಳು ತೀರಾ ವಿರಳ. ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ನಮ್ಮನ್ನು ಕರೆದೊಯ್ದವರು ಅಲ್ಲೇ ಹುಟ್ಟಿ ಬೆಳೆದು ಭೂವಿಜ್ಞಾನ ಓದಿದ ಮಹಿಳೆ. ಕೊರಳಲ್ಲಿ ಭೂತಗನ್ನಡಿ, ಕೈಯಲ್ಲಿ ನೀರಿನ ಬಾಟಲಿ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ‘ಈಗ ನೋಡಿ’ ಎನ್ನುವುದು ಅವರ ಪಾಠದ ಕ್ರಮ. ಒದ್ದೆಯಾದ ಕೂಡಲೇ ಮಾಸಲು ಕಂದು ಕಲ್ಲಿನೊಳಗಿಂದ ಹಸಿರು ಗೆರೆಗಳು ಎದ್ದು ಬರುತ್ತಿದ್ದವು. ಬದುಕಿಡೀ ಕಪ್ಪುಹಲಗೆಯ ಮೇಲೆ ಶಿಲೆಗಳ ಪಾಠ ಮಾಡಿದ ನನಗೆ ಆ ಬಾಟಲಿಯ ಮೇಲೆ ಅಸೂಯೆಯೇ ಆಯಿತು.

ಜನ ಇರುವ ದ್ವೀಪಗಳಲ್ಲಿ ಎಲ್ಲಕ್ಕಿಂತ ಉತ್ತರದ ಅನ್ಸ್ಟ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿಯ ಪೂರ್ವ ಭಾಗದ ನೆಲ ಬಹುಪಾಲು ಹಳೆಯ ಸಮುದ್ರವೊಂದರ ತಳ. ಅಟ್ಲಾಂಟಿಕ್ ಹುಟ್ಟುವುದಕ್ಕೂ ಬಹು ಮೊದಲು ಇದ್ದ ಆ ಸಮುದ್ರಕ್ಕೆ ವಿಜ್ಞಾನಿಗಳು ಇಯಾಪೆಟಸ್ ಎಂದು ಹೆಸರಿಟ್ಟಿದ್ದಾರೆ. ಖಂಡಗಳು ಒಂದಕ್ಕೊಂದು ಹತ್ತಿರವಾಗಿ ಸಮುದ್ರ ಮುಚ್ಚಿಕೊಂಡಾಗ ತಳದ ಒಂದು ತುಂಡು ಕೆಳಗಿಳಿಯದೆ ನೆಲದ ಮೇಲೇರಿ ಕುಳಿತಿತು. ಸಾಮಾನ್ಯವಾಗಿ ಕಿಲೋಮೀಟರ್‌ಗಟ್ಟಲೆ ಆಳದಲ್ಲಿರುವ, ಭೂಕವಚ ಮುಗಿದು ಅದರ ಕೆಳಗಿನ ಪದರವಾದ ಮ್ಯಾಂಟಲ್ ಶುರುವಾಗುವ ಗಡಿಯನ್ನು ಅಲ್ಲಿ ನಡೆದೇ ದಾಟಬಹುದು. ಒಂದು ಕಡೆ ಭೂಕವಚದ ಬೂದು ಬಣ್ಣದ ಶಿಲೆ ಗ್ಯಾಬ್ರೋ, ಇನ್ನೊಂದು ಕಡೆ ಮ್ಯಾಂಟಲ್‌ನ ಕಂದು ಶಿಲೆ ಸರ್ಪೆಂಟಿನೈಟ್. ಕುರಿಗಳು ಎರಡರ ಮೇಲೂ ಮೇಯುತ್ತಿದ್ದವು.

ಅಲ್ಲಿನ ಕೀನ್ ಆಫ್ ಹಾಮರ್ ಎಂಬ ದಿಬ್ಬ ದೂರಕ್ಕೆ ಬರೀ ಜಲ್ಲಿ ಸುರಿದಂತೆ ಕಾಣುತ್ತದೆ. ಆ ಮಣ್ಣಿನಲ್ಲಿ ನಿಕ್ಕಲ್, ಕ್ರೋಮಿಯಂ, ಮೆಗ್ನೀಸಿಯಂ ಹೆಚ್ಚು, ಪೋಷಕಾಂಶ ಕಡಿಮೆ. ಮಾಮೂಲಿ ಹುಲ್ಲಿಗೆ ಒಗ್ಗುವುದಿಲ್ಲ. ಮಾರ್ಗದರ್ಶಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಮಂಡಿಯೂರಿಸಿ ತೋರಿಸಿದರು: ಕಲ್ಲುಗಳ ಸಂದಿಯಲ್ಲಿ ನೇರಳೆ ಛಾಯೆಯ ಪುಟ್ಟ ಎಲೆಗಳ ಗಿಡ, ಗಿಡದ ಅಳತೆಗೆ ಮೀರಿದ ಬಿಳಿ ಹೂ, ಐದು ಎಸಳು, ಪ್ರತಿ ಎಸಳಿನ ತುದಿಯಲ್ಲೂ ಒಂದು ಸೀಳು. 1837ರಲ್ಲಿ ಥಾಮಸ್ ಎಡ್ಮಂಡ್‌ಸ್ಟನ್ ಎಂಬ ಅದೇ ದ್ವೀಪದ ಹುಡುಗ ಇದನ್ನು ಗುರುತಿಸಿದ. ಆಗ ಅವನಿಗೆ ಹನ್ನೆರಡರ ಆಸುಪಾಸಿನ ವಯಸ್ಸು. ಜಗತ್ತಿನಲ್ಲಿ ಇನ್ನೆಲ್ಲೂ ಕಾಣದ ಈ ಗಿಡಕ್ಕೆ ಅವನ ಹೆಸರೇ ಇದೆ. ನಲವತ್ತು ಜನರ ಬಸ್ಸು ಅಲ್ಲಿ ಬಂದು ನಿಂತರೆ ಅರ್ಧ ಗಂಟೆಯಲ್ಲಿ ಆ ಹೂಗಳು ಬೂಟಿನಡಿ ಹೋಗುತ್ತವೆ. ಗುಂಪು ಚಿಕ್ಕದಿರಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಕ್ಕಿಗಳ ವಿಷಯವೂ ಹಾಗೆಯೇ. ಅದೇ ದ್ವೀಪದ ಹರ್ಮನೆಸ್‌ನ ಕಡಲಬಂಡೆಗಳಲ್ಲಿ ಗ್ಯಾನೆಟ್, ಪಫಿನ್‌ಗಳು ಲೆಕ್ಕವಿಲ್ಲದಷ್ಟು. ಆದರೆ ನೆಲದ ಮೇಲೆ ಗೂಡು ಕಟ್ಟುವ ಬಾಂಕ್ಸಿ ಎಂಬ ದೊಡ್ಡ ಕಂದು ಹಕ್ಕಿ ಇತ್ತೀಚಿನ ಹಕ್ಕಿಜ್ವರದಲ್ಲಿ ಬ್ರಿಟನ್ನಿನಾದ್ಯಂತ ಸುಮಾರು ಮುಕ್ಕಾಲು ಪಾಲು ಅಳಿದುಹೋಯಿತು. ಅದನ್ನು ಹೇಳುವಾಗ ನಮ್ಮ ಮಾರ್ಗದರ್ಶಿಯ ದನಿ ಸಣ್ಣದಾಯಿತು. ಹಲಗೆ ಹಾಸಿದ ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಆಚೆ ಇಡಗೊಡಲಿಲ್ಲ. ಮೂಸಾ ದ್ವೀಪಕ್ಕೆ ಕರೆದೊಯ್ದದ್ದು ರಾತ್ರಿ ಹನ್ನೊಂದರ ಸುಮಾರಿಗೆ. ಜೂನ್‌ನಲ್ಲಿ ಅಲ್ಲಿ ಪೂರ್ತಿ ಕತ್ತಲಾಗುವುದೇ ಇಲ್ಲ. ಗಾರೆಯಿಲ್ಲದೆ ಕಟ್ಟಿದ, ಎರಡು ಸಾವಿರ ವರ್ಷ ಹಳೆಯದಾದ, 13 ಮೀಟರ್ ಎತ್ತರದ ಕಲ್ಲಿನ ಗೋಪುರ ಅಲ್ಲಿದೆ. ಅದರ ಸಂದುಗಳಲ್ಲಿ ಗುಬ್ಬಚ್ಚಿಯಷ್ಟೇ ತೂಗುವ ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿಗಳು ಮೊಟ್ಟೆಯಿಡುತ್ತವೆ. ಗೋಡೆಗೆ ಕಿವಿಯಿಟ್ಟರೆ ಒರಳಿನಲ್ಲಿ ದೋಸೆ ಹಿಟ್ಟು ರುಬ್ಬಿದಂತೆ ಗುರುಗುರು ಸದ್ದು.

ಖರ್ಚು ಕಡಿಮೆಯಲ್ಲ, ನಿಜ. ಊಟಕ್ಕೆ ಸಸ್ಯಾಹಾರಿಗಳು ಆಲೂಗಡ್ಡೆ, ಓಟ್ಸ್ ರೊಟ್ಟಿ, ಸೂಪಿನಲ್ಲಿ ಹೊಂದಿಕೊಳ್ಳಬೇಕು. ಆದರೆ ಕೊಟ್ಟ ಹಣ ಹೋಗುವುದು ತಿಳಿದವರೊಬ್ಬರ ತಿಳಿವಳಿಕೆಗೆ. ದೊಡ್ಡ ಹೋಟೆಲಿನ ಗಾಜಿನ ಲಿಫ್ಟಿಗಲ್ಲ. ಇಡೀ ಶೆಟ್ಲೆಂಡ್ ಯುನೆಸ್ಕೊ ಜಾಗತಿಕ ಭೂಉದ್ಯಾನ, ಅಂದರೆ ಶಿಲೆಗಳ ಮಹತ್ವಕ್ಕಾಗಿ ಗುರುತಿಸಿದ ಪ್ರದೇಶ. ದಾರಿಯುದ್ದಕ್ಕೂ ಫಲಕಗಳಿವೆ. ಆದರೂ ಕೇಳಿದ ಪ್ರಶ್ನೆಗೆ ಫಲಕ ಉತ್ತರ ಕೊಡುವುದಿಲ್ಲವಲ್ಲ.

ಅನ್ಸ್ಟ್‌ನ ಹ್ಯಾಗ್‌ಡೇಲ್‌ನಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಕ್ರೋಮಿಯಂನ ಅದಿರಾದ ಕ್ರೋಮೈಟ್ ಅಗೆಯುತ್ತಿದ್ದರು. ಅದಿರನ್ನು ಅರೆಯಲು ಕುದುರೆ ಕಟ್ಟಿ ತಿರುಗಿಸುತ್ತಿದ್ದ ಕಲ್ಲಿನ ವೃತ್ತವನ್ನು ಜೋಪಾನವಾಗಿ ಉಳಿಸಿದ್ದಾರೆ. ನಾನು ಹಾಸನ ಜಿಲ್ಲೆಯವಳು. ನಮ್ಮ ನುಗ್ಗೇಹಳ್ಳಿ–ಬೈರಾಪುರದ ನೆಲದಲ್ಲಿರುವುದೂ ಅದೇ ಕ್ರೋಮೈಟ್, ಅದೇ ಸರ್ಪೆಂಟಿನೈಟ್. ವಯಸ್ಸಿನಲ್ಲಿ ಮಾತ್ರ ನಮ್ಮದು ಅಜ್ಜಿಯ ಅಜ್ಜಿ: ಅವರ ಶಿಲೆ ಸುಮಾರು 50 ಕೋಟಿ ವರ್ಷದ್ದು, ನಮ್ಮದು 300 ಕೋಟಿಗೂ ಹಿಂದಿನದು. ನುಗ್ಗೇಹಳ್ಳಿಗೆ ಹೊಯ್ಸಳರ ಲಕ್ಷ್ಮೀನರಸಿಂಹ ದೇಗುಲ ನೋಡಲು ಬರುವವರಿಗೆ ಊರಾಚೆಯ ಕಲ್ಲಿನ ಬಗ್ಗೆ ಒಂದು ಮಾತು ಹೇಳುವವರು ಯಾರಿದ್ದಾರೆ?

ಪ್ರವಾಸ ಏರ್ಪಡಿಸುವವರಲ್ಲಿ ನನ್ನದೊಂದು ವಿನಂತಿ. ಹತ್ತು ಮಂದಿಗೆ ಮೀರದ ಗುಂಪು ಮಾಡಿ, ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಒಳ್ಳೆಯ ಸಂಬಳ ಕೊಟ್ಟು ಜೊತೆಗೆ ಕಳುಹಿಸಲಿ. ದೂರದ ದ್ವೀಪಗಳಿಗೂ ಕಳುಹಿಸಲಿ, ಹಾಸನ, ಚಿತ್ರದುರ್ಗಗಳಿಗೂ ಕಳುಹಿಸಲಿ. ನುಗ್ಗೇಹಳ್ಳಿ ಕಡೆಗೆ ಬರುವ ಗುಂಪಿಗೆ ಜಮೀನಿನವರ ಒಪ್ಪಿಗೆ ಕೇಳಿ ಕೊಡಿಸುವ ಕೆಲಸವನ್ನು ನಾನೇ ಮಾಡುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಚನ್ನರಾಯಪಟ್ಟಣ