ಬಿ.ಫಾರ್ಮ ಓದುವ ಮಗಳಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತಾ,

ನಿನ್ನ ಮೆಸೇಜು ಅವತ್ತೇ ನೋಡಿದ್ದೆ, ಆದ್ರೆ ಡ್ಯೂಟಿ ನಡುವೆ ಎರಡು ಸಾಲು ಬರ್ದು ಮುಗಿಸುವ ವಿಷಯ ಅಲ್ಲ ಇದು ಅಂತ ಬಿಟ್ಟಿದ್ದೆ, ಬೇಜಾರು ಮಾಡ್ಬೇಡ. ಮಗಳದ್ದು ಬಿ.ಫಾರ್ಮ, ಅಂದ್ರೆ ಫಾರ್ಮಸಿ ಡಿಗ್ರಿಯ ಆರನೇ ಸೆಮಿಸ್ಟರ್ ಮುಗೀತಾ ಬಂತು, ಮುಂದೆ ಎಂತ ಮಾಡುದು ಅಂತ ಅವಳಿಗೂ ಗೊತ್ತಾಗ್ತಿಲ್ಲ ನಿಂಗೂ ಗೊತ್ತಾಗ್ತಿಲ್ಲ, ಮದುವೆ ಮನೆಗೆ ಹೋದ್ರೆ ಸಾಕು "ಓದಿ ಆದ್ಮೇಲೆ ಮೆಡಿಕಲ್ ಇಡುದಾ" ಅಂತ ಎಲ್ರೂ ಕೇಳ್ತಾರೆ ಅಂತ ಬರ್ದಿದ್ದಿ. ಇದೇ ಪ್ರಶ್ನೆ ಬೇರೆ ಅಪ್ಪ ಅಮ್ಮಂದಿರೂ ಕೇಳ್ತಾ ಇರ್ತಾರೆ, ಹಾಗಾಗಿ ನಿನ್ನ ಹೆಸರು ತೆಗ್ದು ಎಲ್ರಿಗೂ ಕಾಣುವ ಹಾಗೆ ಹಾಕ್ತಿದ್ದೇನೆ.

ಮೊದ್ಲು ಒಂದು ವಿಷಯ. ಆರನೇ ಸೆಮಿಸ್ಟರ್ ಮುಗ್ದು ಏಳನೆಯದ್ದು ಶುರುವಾಗುವ ನಡುವೆ ನಾಲ್ಕು ವಾರ, ಒಟ್ಟು 150 ಗಂಟೆಯ ಟ್ರೈನಿಂಗ್ ಅಂತ ಫಾರ್ಮಸಿ ಕೌನ್ಸಿಲಿನ ಸಿಲೆಬಸ್ಸಲ್ಲೇ ಉಂಟು. ಔಷಧಿ ಫ್ಯಾಕ್ಟರಿಯಲ್ಲಿ ಮಾಡ್ಬಹುದು, ಆಸ್ಪತ್ರೆಯಲ್ಲಿ ಮಾಡ್ಬಹುದು, ಕ್ಲಿನಿಕಲ್ ರಿಸರ್ಚ್ ಕಂಪೆನಿಯಲ್ಲಿ, ಊರಿನ ಮೆಡಿಕಲಲ್ಲಿ ಕೂಡ ಆಗ್ತದೆ. ಸುಮಾರು ಮಕ್ಕಳು ಎಂತ ಮಾಡ್ತಾರೆ ಗೊತ್ತುಂಟಾ, ಗುರ್ತದವರ ಹತ್ರ ಒಂದು ಸೀಲು ಸೈನು ಹಾಕಿಸ್ಕೊಂಡು ಬಂದು ಮನೆಯಲ್ಲಿ ಕೂತ್ಕೊಳ್ತಾರೆ. ನಂಗೆ ಅದು ನೋಡಿದ್ರೆ ಹೊಟ್ಟೆ ಉರೀತದೆ ಮಾರಾಯ, ಯಾಕಂದ್ರೆ ಯಾವ ಕೆಲಸ ತನ್ನ ಸ್ವಭಾವಕ್ಕೆ ಆಗ್ತದೆ ಅಂತ ಖರ್ಚಿಲ್ಲದೆ ನೋಡ್ಲಿಕ್ಕೆ ಸಿಗುವ ಅವಕಾಶ ಅದೊಂದೇ. ರೆಗ್ಯುಲೇಟರಿ ಅಫೇರ್ಸ್ (ಔಷಧಿಗೆ ಪರ್ಮಿಷನ್ ಪಡೆಯುವ ಕೆಲಸ), ಫಾರ್ಮಕೊವಿಜಿಲೆನ್ಸ್ (ಔಷಧಿಯಿಂದ ಆದ ತೊಂದರೆ ನೋಡುವ ಕೆಲಸ) ಅಂತ ದೊಡ್ಡ ದೊಡ್ಡ ಹೆಸರು ಕೇಳಿ ಸೇರಿದವರು ಆಮೇಲೆ "ಇದು ದಿನವಿಡೀ ಕಂಪ್ಯೂಟರ್ ಎದುರು ಕೂತ್ಕೊಳ್ಳುವ ಕೆಲಸ ಅಂತ ಗೊತ್ತೇ ಇರ್ಲಿಲ್ಲ" ಅಂತ ಹೇಳುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಅಲ್ಲಿ ನಿಜವಾಗಿ ಎಂತ ಮಾಡ್ಲಿಕ್ಕುಂಟು, ಯಾರ ಹತ್ರ ಮಾತಾಡ್ಲಿಕ್ಕುಂಟು, ನಿಂತ್ಕೊಳ್ಬೇಕಾ ಕೂತ್ಕೊಳ್ಬೇಕಾ ಅಂತ ಅವಳು ಮೊದ್ಲು ನೋಡ್ಲಿ.

ಈಗ "ಮೆಡಿಕಲ್ ಇಡುದಾ" ವಿಷಯಕ್ಕೆ ಬರ್ತೇನೆ. ಕೌಂಟರ್ ಅಂದ್ರೆ ಕಮ್ಮಿ ಕೆಲಸ ಅಂತ ಯಾರಾದ್ರೂ ಹೇಳಿದ್ರೆ ನಾನು ಸುಮ್ನೆ ಇರುದಿಲ್ಲ. ಇತ್ತೀಚೆಗೆ ನಮ್ಮ ಆಸ್ಪತ್ರೆ ಫಾರ್ಮಸಿಗೆ ಒಬ್ರು ಅಜ್ಜಿ ಬಂದಿದ್ರು, ಇನ್ಸುಲಿನ್ ಸಿರಿಂಜು ಬೇಕು, ಕೆಂಪು ಕ್ಯಾಪಿಂದು ಕೊಡಿ ಅಂತ. ನಮ್ಮ ಹುಡುಗಿ ಕೊಡುವ ಮೊದ್ಲು ಮನೆಯಲ್ಲಿ ಯಾವ ಇನ್ಸುಲಿನ್ ಉಂಟು ಅಂತ ಕೇಳಿದ್ಳು. ಅಜ್ಜಿ ಬ್ಯಾಗಿಂದ ತೆಗ್ದದ್ದು ಸಪೂರದ ಒಂದು ಕಾರ್ಟ್ರಿಡ್ಜ್, ಇನ್ಸುಲಿನ್ ಚುಚ್ಚುವ ಪೆನ್ನಿಗೆ ಹಾಕುವಂಥದ್ದು, ಮಗ ಗಲ್ಫಿಂದ ಬರುವಾಗ ತಂದದ್ದು, ಆದ್ರೆ ಪೆನ್ನು ಇಲ್ಲ, ಸಿರಿಂಜಲ್ಲೇ ಎಳ್ದು ಹಾಕುದು ಅಂತ ಅವರ ಲೆಕ್ಕ. "ಏತ್ ಪಾಡುವರ್ ಅಮ್ಮ" (ಎಷ್ಟು ಹಾಕ್ತೀರಿ ಅಮ್ಮ) ಅಂತ ಇವಳು ತುಳುವಿನಲ್ಲಿ ಕೇಳಿದ್ಳು. "ಇರ್ವ," ಅಂದ್ರೆ ಇಪ್ಪತ್ತು, ಅಂದ್ರು ಅಜ್ಜಿ. ನಮ್ಮಲ್ಲಿ ಬಾಟ್ಲಿಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್ಲಿಗೆ 40 ಯೂನಿಟ್, ಕೆಂಪು ಕ್ಯಾಪಿನ ಸಿರಿಂಜು ಅದಕ್ಕೆ ಮಾತ್ರ. ಆ ಕಾರ್ಟ್ರಿಡ್ಜಲ್ಲಿ ಇರುದು ಒಂದು ಎಂಎಲ್ಲಿಗೆ 100 ಯೂನಿಟ್. ಅಂದ್ರೆ ಅಜ್ಜಿ ಇಪ್ಪತ್ತರ ಗೆರೆವರೆಗೆ ಎಳ್ದಿದ್ರೆ ಒಳಗೆ ಹೋಗುದು 50 ಯೂನಿಟ್. ಒಬ್ರೇ ಇರುವ ಮನೆಯಲ್ಲಿ ರಾತ್ರಿ ಶುಗರ್ ಇಳ್ದು ಬಿದ್ದಿದ್ರೆ ಎತ್ಲಿಕ್ಕೆ ಯಾರಿದ್ದಾರೆ? ಆ ಹುಡುಗಿ ಸಿರಿಂಜು ಕೊಡ್ಲಿಲ್ಲ, ಡಾಕ್ಟ್ರಿಗೆ ಫೋನ್ ಮಾಡಿದ್ಳು, ಅಜ್ಜಿಯನ್ನು ಕೂರಿಸಿ ಪೆನ್ನು ಹೇಗೆ ಹಿಡಿಯುದು ಅಂತ ತೋರಿಸಿಯೇ ಕಳಿಸಿದ್ದು. ನಿನ್ನ ಮಗಳಿಗೆ ಜನರ ಹತ್ರ ಮಾತಾಡ್ಲಿಕ್ಕೆ ಇಷ್ಟ ಉಂಟು, ತುಳು ಕೊಂಕಣಿ ಎರಡೂ ಬರ್ತದೆ, ಅಂಥವಳಿಗೆ ಇದು ಎಷ್ಟು ಒಳ್ಳೆ ಕೆಲಸ ಅಂತ ಯೋಚ್ನೆ ಮಾಡು.

ಸ್ವಂತದ್ದು ಇಡುದಾದ್ರೆ ಕೂಡ ಆಗದ ಮಾತೇನಲ್ಲ. ಕಮ್ಮಿಯಂದ್ರೆ ಹತ್ತು ಚದರ ಮೀಟರ್ ಜಾಗ, ಫ್ರಿಜ್ಜು, ಡ್ರಗ್ಸ್ ಕಂಟ್ರೋಲಿಂದ ಫಾರಂ 20, 21ರ ಲೈಸೆನ್ಸು, ಕರ್ನಾಟಕ ಫಾರ್ಮಸಿ ಕೌನ್ಸಿಲಿನ ರಿಜಿಸ್ಟ್ರೇಷನ್. ಜನೌಷಧಿ ಕೇಂದ್ರಕ್ಕೂ ಫಾರ್ಮಸಿಸ್ಟ್ ಬೇಕೇ ಬೇಕು. ಆದ್ರೆ ಒಂದು ಮಾತು ಅವಳಿಗೆ ನೀನೇ ಹೇಳು, ಪಾಸಾದ ಕೂಡ್ಲೆ ಯಾರಾದ್ರೂ ಬಂದು "ಸರ್ಟಿಫಿಕೇಟ್ ಕೊಡು, ಗೋಡೆಗೆ ತೂಗಾಡಿಸ್ತೇವೆ, ನೀನು ಬರುದು ಬೇಡ, ತಿಂಗಳಿಗೆ ಇಷ್ಟು ಕೊಡ್ತೇವೆ" ಅಂತ ಕೇಳಿದ್ರೆ ಖಂಡಿತ ಒಪ್ಬಾರ್ದು. ಕಾನೂನಿಗೂ ವಿರುದ್ಧ, ಅದಕ್ಕಿಂತ ಹೆಚ್ಚಾಗಿ ಆ ಅಜ್ಜಿ ಅಂಥ ಅಂಗಡಿಗೆ ಹೋಗಿದ್ರೆ ಸಿರಿಂಜು ಕೊಟ್ಟು ಚಿಲ್ಲರೆ ವಾಪಸ್ ಕೊಡ್ತಿದ್ರು ಅಷ್ಟೇ.

ವಾರ್ಡಲ್ಲಿ ಡಾಕ್ಟ್ರ ಜೊತೆ ರೌಂಡ್ಸ್ ಹೋಗಿ ಒಂದು ಔಷಧಿ ಇನ್ನೊಂದು ಔಷಧಿಗೆ ಆಗ್ತದಾ, ಕಿಡ್ನಿ ವೀಕ್ ಇರುವವರಿಗೆ ಡೋಸ್ ಇಳಿಸ್ಬೇಕಾ ಅಂತ ನೋಡುವುದು ಕ್ಲಿನಿಕಲ್ ಫಾರ್ಮಸಿಸ್ಟ್ ಕೆಲಸ. ಅದಕ್ಕೆ ಇರುವ ಫಾರ್ಮ್.ಡಿ ಕೋರ್ಸು 2008ರಲ್ಲಿ ನಮ್ಮ ದೇಶದಲ್ಲಿ ಶುರುವಾಯ್ತು, ಪಿಯುಸಿ ಆಗಿ ಹೋದ್ರೆ ಆರು ವರ್ಷ, ಬಿ.ಫಾರ್ಮ ಆದವರಿಗೆ ಮೂರು. ಮಣಿಪಾಲ, ದೇರಳಕಟ್ಟೆ ಕಡೆ ಕಾಲೇಜಿನ ಪಕ್ಕದಲ್ಲೇ ದೊಡ್ಡ ಆಸ್ಪತ್ರೆ ಉಂಟು, ಕಲೀಲಿಕ್ಕೆ ಅಂಥ ಜಾಗ ಎಲ್ಲ ಊರಿಗೂ ಸಿಗುದಿಲ್ಲ. ಸಂಬಳದ ವಿಷಯದಲ್ಲಿ ಮಾತ್ರ ಆಸ್ಪತ್ರೆಯವರು ಇನ್ನೂ ಕೈ ಬಿಚ್ಚುದಿಲ್ಲ, ಅದು ಗೊತ್ತಿದ್ದೇ ಹೋಗ್ಬೇಕು. ಮತ್ತೆ ಅಮೆರಿಕಾ ಕನಸು ಇದ್ರೆ ಈಗ್ಲೇ ಕೇಳ್ಕೊ, ಹೊರದೇಶದಲ್ಲಿ ಓದಿದ ಫಾರ್ಮಸಿಸ್ಟುಗಳಿಗೆ ಅಲ್ಲಿ ಇರುವ ಎಫ್‌ಪಿಜಿಇಇ ಪರೀಕ್ಷೆಗೆ 2003ರಿಂದ ಈಚೆಗೆ ಪಾಸಾದವರು ಕಮ್ಮಿಯಂದ್ರೆ ಐದು ವರ್ಷದ ಕೋರ್ಸ್ ಮಾಡಿರ್ಬೇಕು, ನಮ್ಮ ನಾಲ್ಕು ವರ್ಷದ ಬಿ.ಫಾರ್ಮ ಮಾತ್ರ ಇದ್ರೆ ಆಗುದಿಲ್ಲ. ಗಲ್ಫಿಗೆ ಬಿ.ಫಾರ್ಮ ನಡೀತದೆ, ಅನುಭವ, ಸರ್ಟಿಫಿಕೇಟ್ ವೆರಿಫಿಕೇಶನ್, ಆಯಾ ದೇಶದ ಲೈಸೆನ್ಸ್ ಪರೀಕ್ಷೆ ಎಲ್ಲ ಬೇಕಾಗ್ತದೆ, ನಮ್ಮ ಕಡೆಯವರು ಹೋಗಿದ್ದವರು ಬೇಕಾದಷ್ಟು ಜನ ಇದ್ದಾರೆ ಕೇಳ್ಲಿಕ್ಕೆ.

ಅವಳಿಗೆ ಲ್ಯಾಬ್ ಇಷ್ಟ, ಪ್ರಾಕ್ಟಿಕಲ್ಲಲ್ಲಿ ಮಾರ್ಕ್ಸ್ ಒಳ್ಳೆದುಂಟು ಅಂತ ನೀನೇ ಹೇಳಿದ್ದಿ ಅಲ್ವಾ, ಹಾಗಾದ್ರೆ ಕ್ವಾಲಿಟಿ ಕಂಟ್ರೋಲ್ ನೋಡ್ಲೇಬೇಕು. ಮಾತ್ರೆ ಫ್ಯಾಕ್ಟರಿಗಳು ನಮ್ಮಲ್ಲಿ ಕಮ್ಮಿ, ಬೆಂಗಳೂರಿಗೋ ಹೈದರಾಬಾದಿಗೋ ಹೋಗ್ಬೇಕು, ಇಲ್ಲಾಂದ್ರೆ ಉಡುಪಿಯಿಂದ ಕೊಂಕಣ ರೈಲು ಹತ್ತಿದ್ರೆ ಗೋವಾ, ವೆರ್ಣಾದಲ್ಲಿ ದೊಡ್ಡ ದೊಡ್ಡ ಕಂಪೆನಿಗಳದ್ದೇ ಪ್ಲಾಂಟ್ ಉಂಟು. ಅಲ್ಲಿ ದಿನದ ಕೆಲಸ ಅಂದ್ರೆ ಒಂದು ಬ್ಯಾಚಿನ ಆರು ಮಾತ್ರೆ ತೆಗ್ದು 37 ಡಿಗ್ರಿ ಬಿಸಿಯ ಆರು ಜಾರಿಗೆ ಹಾಕಿ ಎಷ್ಟು ಹೊತ್ತಲ್ಲಿ ಎಷ್ಟು ಕರಗ್ತದೆ ನೋಡುದು, ಎಚ್‌ಪಿಎಲ್‌ಸಿ ಮೆಷಿನ್ನಿನ ಗ್ರಾಫಲ್ಲಿ ಬರುವ ಪೀಕ್ ನೋಡಿ ಔಷಧಿ ಎಷ್ಟುಂಟು ಅಂತ ಲೆಕ್ಕ ಹಾಕುದು, ಮಾಡಿದ್ದನ್ನೆಲ್ಲ ಆಗಿಂದಾಗ್ಲೇ ಬರ್ದಿಡುದು. ಶಿಫ್ಟ್ ಇರ್ತದೆ, ನಿಂತು ನಿಂತು ಕಾಲು ಹೋಗ್ತದೆ, ಕೇಳುವವರಿಗೆ ಬೋರು ಅನ್ನಿಸ್ಬಹುದು. ಆದ್ರೆ ಗ್ಲಿಸರಿನ್ ಡ್ರಮ್ಮಿನ ವಿಷಯ ಯೋಚ್ನೆ ಮಾಡು. ಕೆಮ್ಮಿನ ಸಿರಪ್ಪಿಗೆ ಹಾಕುವ ಗ್ಲಿಸರಿನ್ನಿಗೂ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುದಿಲ್ಲ, ಎರಡೂ ದಪ್ಪ, ಎರಡಕ್ಕೂ ಬಣ್ಣ ಇಲ್ಲ, ಎರಡೂ ಸಿಹಿ. 1937ರಲ್ಲಿ ಅಮೆರಿಕಾದಲ್ಲಿ ಆ ಗ್ಲೈಕಾಲಲ್ಲೇ ಕಲಸಿದ ಒಂದು ಔಷಧಿ ಕುಡ್ದು ನೂರಕ್ಕೂ ಹೆಚ್ಚು ಜನ ಸತ್ತರು, 1986ರಲ್ಲಿ ಮುಂಬಯಿಯ ಜೆಜೆ ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ನಿಂದ ಹದಿನಾಲ್ಕು ಜನ ಹೋದ್ರು, 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕೆಮ್ಮಿನ ಸಿರಪ್ಪು ಕುಡ್ದ ಮಕ್ಕಳು. ಡ್ರಮ್ಮು ಒಳಗೆ ಬರುವಾಗ ಸ್ಯಾಂಪಲ್ ತೆಗ್ದು ಒಂದು ಟೆಸ್ಟು ಸರಿಯಾಗಿ ಮಾಡಿದ್ರೆ ಅಲ್ಲಿಗೇ ನಿಲ್ತದೆ. ಮೇಲಿನವರು ಅವಸರ ಮಾಡಿದ್ರೂ "ರಿಸಲ್ಟ್ ಬರದೆ ಸೈನ್ ಹಾಕುದಿಲ್ಲ" ಅಂತ ಹೇಳುವ ಧೈರ್ಯ ಇದ್ದವರೇ ಆ ಕುರ್ಚಿಗೆ ಬೇಕು, ನಿನ್ನ ಮಗಳ ಹಟ ನಂಗೆ ಗೊತ್ತುಂಟು, ಅವಳಿಗೆ ಆಗ್ತದೆ.

ಫಾರ್ಮಕೊವಿಜಿಲೆನ್ಸ್ ಅಂದ್ರೆ ಔಷಧಿ ತಿಂದವರಿಗೆ ಆದ ತೊಂದರೆಗಳ ರಿಪೋರ್ಟ್ ನೋಡುದು. ಪೇಷೆಂಟ್ ಯಾರು, ತಿಳಿಸಿದವರು ಯಾರು, ಯಾವ ಔಷಧಿ, ಎಂತ ಆಯ್ತು, ಈ ನಾಲ್ಕು ಇದ್ರೆ ಒಂದು ಕೇಸ್ ಆಗ್ತದೆ, ಅದನ್ನು ಕೋಡ್ ಮಾಡಿ, ಕಥೆ ಹಾಗೆ ಇಂಗ್ಲಿಷಲ್ಲಿ ಬರ್ದು ಟೈಮಿಗೆ ಕಳಿಸ್ಬೇಕು. ಕೆಲಸ ಹೆಚ್ಚು ಬೆಂಗಳೂರಿನ ಐಟಿ ಥರದ ಆಫೀಸುಗಳಲ್ಲಿ, ಎಸಿ ರೂಮು, ತಾಳ್ಮೆ ಬೇಕು, ಇಂಗ್ಲಿಷ್ ಬರವಣಿಗೆ ಬೇಕು. ರೆಗ್ಯುಲೇಟರಿ ಕೂಡ ಹಾಗೇ, ಒಂದು ಔಷಧಿಗೆ ಪರ್ಮಿಷನ್ ಪಡೀಲಿಕ್ಕೆ ಐದು ಭಾಗದ ದೊಡ್ಡ ಫೈಲು ತಯಾರು ಮಾಡುದು. ಎಂಟನೇ ಸೆಮಿಸ್ಟರಲ್ಲಿ ಎರಡು ಇಲೆಕ್ಟಿವ್ ತಗೊಳ್ಲಿಕ್ಕುಂಟು, ಈ ಎರಡು ಸಬ್ಜೆಕ್ಟೂ ಆ ಲಿಸ್ಟಲ್ಲಿ ಉಂಟು, ಕಾಲೇಜಲ್ಲಿ ಯಾವುದು ಕೊಡ್ತಾರೆ ಅಂತ ಈಗ್ಲೇ ವಿಚಾರಿಸ್ಲಿ.

ಮೆಡಿಕಲ್ ರೆಪ್ ಕೆಲಸ ಬೇಗ ಸಿಗ್ತದೆ, ಕಾರ್ಕಳ ಕುಂದಾಪುರ ಪುತ್ತೂರು ಅಂತ ಮಳೆಯಲ್ಲಿ ಬೈಕಲ್ಲಿ ಸುತ್ತಿ ಓಪಿಡಿ ಹೊರಗೆ ರಾತ್ರಿವರೆಗೆ ಕಾಯುವ ಶಕ್ತಿ ಬೇಕು, ಟಾರ್ಗೆಟ್ ತಲೆ ಮೇಲೆ ಇರ್ತದೆ. ಮಾತಲ್ಲಿ ಜನ ಗೆಲ್ಲುವವರು ಅಲ್ಲಿ ಬೇಗ ಮೇಲೆ ಹೋಗ್ತಾರೆ.

ಸರ್ಕಾರಿ ಕೆಲಸ ಅಂತ ನಿಂಗೆ ಆಸೆ ಉಂಟು, ಗೊತ್ತು. ಡ್ರಗ್ಸ್ ಇನ್ಸ್‌ಪೆಕ್ಟರ್‌ಗೆ ಫಾರ್ಮಸಿ ಡಿಗ್ರಿ ಸಾಕು, ಆದ್ರೆ ಕೆಪಿಎಸ್‌ಸಿ ಯಾವಾಗ ಕರೀತದೆ ಅಂತ ಯಾರಿಗೂ ಹೇಳ್ಲಿಕ್ಕೆ ಬರುದಿಲ್ಲ. ಅಂಗಡಿಯಿಂದ ಸ್ಯಾಂಪಲ್ ತೆಗ್ದು ನಾಲ್ಕು ಭಾಗ ಮಾಡಿ ಸೀಲ್ ಹಾಕಿ ಒಂದು ಸರ್ಕಾರಿ ಲ್ಯಾಬಿಗೆ, ಒಂದು ಕೋರ್ಟಿಗೆ ಅಂತ ಇಡುವ ಕೆಲಸ ಅದು, ಕೋರ್ಟಲ್ಲಿ ಸಾಕ್ಷಿ ಹೇಳ್ಲಿಕ್ಕೂ ಉಂಟು. ಓದ್ಲಿ, ಆದ್ರೆ ಬೇರೆ ಕೆಲಸ ಬಿಟ್ಟು ಅದನ್ನೇ ಕಾದು ಕೂತ್ಕೊಳ್ಳುದು ಬೇಡ. ಎಂ.ಫಾರ್ಮ ಮಾಡುದಾದ್ರೆ ಅದರ ಎಂಟ್ರೆನ್ಸ್ ಪರೀಕ್ಷೆ ಜಿಪ್ಯಾಟ್ ಬರೀಲಿ, ಪಾಸಾಗಿ ಮಾನ್ಯತೆ ಇರುವ ಕಾಲೇಜಲ್ಲಿ ಸೇರಿದ್ರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಉಂಟು, ಪಾಠ ಮಾಡುವ ಆಸೆ ಇದ್ರೆ ಅದೇ ದಾರಿ.

ನನ್ನ ಅಭಿಪ್ರಾಯ ಕೇಳಿದ್ರೆ ಎರಡು ವಾರ ಆಸ್ಪತ್ರೆ, ಎರಡು ವಾರ ಫ್ಯಾಕ್ಟರಿ ಲ್ಯಾಬ್ ಮಾಡ್ಲಿಕ್ಕೆ ಕಾಲೇಜಲ್ಲಿ ಬಿಡ್ತಾರಾ ಕೇಳ್ಲಿ. ಆಸ್ಪತ್ರೆಗೆ ನಮ್ಮಲ್ಲಿಗೇ ಬರುದಾದ್ರೆ ಪ್ರಿನ್ಸಿಪಾಲರ ಲೆಟರ್ ಬೇಕು, ಬಿಳಿ ಕೋಟು ತರ್ಲಿ, ಬೆಳಿಗ್ಗೆ ಎಂಟಕ್ಕೆ ಕೌಂಟರಲ್ಲಿ ಇರ್ಬೇಕು, ಗುರ್ತದವರ ಮಗಳು ಅಂತ ನಾನು ಬೇಗ ಬಿಡುದಿಲ್ಲ. ಲೆಟರಿನ ಫೋಟೋ ತೆಗ್ದು ಪರೀಕ್ಷೆಗೆ ಮೊದ್ಲೇ ನಂಗೆ ಕಳಿಸ್ಲಿಕ್ಕೆ ಹೇಳು, ನಮ್ಮ ಎಚ್‌ಆರ್‌ನವರು ಸೀಟು ಬೇಗ ತುಂಬಿಸಿ ಬಿಡ್ತಾರೆ.

ಮನೆಯಲ್ಲಿ ಎಲ್ರನ್ನೂ ಕೇಳಿದೆ ಅಂತ ಹೇಳು.

ನಿನ್ನ ದೋಸ್ತಿ